ಆ 0.44 ಶೇಪ್ ಅಲ್ಲ: ವೈಬುಲ್ ಬಗ್ಗೆ ಒಂದು ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾವು ಸಣ್ಣ ಕೂಲಿಂಗ್ ಫ್ಯಾನ್ ತಯಾರಿಸುತ್ತೇವೆ. 20 ಫ್ಯಾನುಗಳನ್ನು 1000 ಗಂಟೆ ಬಿಡದೆ ಓಡಿಸಿದೆವು. ಆರು ಕೆಟ್ಟವು: 310, 480, 620, 740, 850 ಮತ್ತು 960ನೇ ಗಂಟೆಗಳಲ್ಲಿ. ಉಳಿದ 14 ಇನ್ನೂ ತಿರುಗುತ್ತಿವೆ. ಸರಾಸರಿ ಆಯಸ್ಸು ಎಷ್ಟು ಅಂತ ಮೇಲಿನವರು ಕೇಳುತ್ತಿದ್ದಾರೆ. ಕೆಟ್ಟ ಆರರ ಸರಾಸರಿ 660 ಗಂಟೆ. ಸಹೋದ್ಯೋಗಿಯೊಬ್ಬರು ಎಲ್ಲ ಫ್ಯಾನುಗಳ ಒಟ್ಟು ಗಂಟೆಗಳನ್ನು ಆರರಿಂದ ಭಾಗಿಸಿ 2993 ಅನ್ನುತ್ತಾರೆ. ನಾನು ಆರ್ ಅನ್ನುವ ಸಂಖ್ಯಾಶಾಸ್ತ್ರದ ತಂತ್ರಾಂಶದಲ್ಲಿ ಆಯಸ್ಸಿನ ಲೆಕ್ಕ ಹಾಕುವ ಸರ್ವ್‌ರೆಗ್‌ನಲ್ಲಿ ವೈಬುಲ್ (ವಸ್ತುಗಳು ಯಾವಾಗ ಕೆಡುತ್ತವೆ ಅಂತ ಅಂದಾಜಿಸುವ ಸಂಭವದ ಸೂತ್ರ) ಹಾಕಿ ನೋಡಿದೆ. ಇಂಟರ್‌ಸೆಪ್ಟ್ 7.36, ಸ್ಕೇಲ್ 0.44 ಬಂತು. ಈ 0.44 ವೈಬುಲ್‌ನ ಶೇಪ್ ಅಂದುಕೊಂಡೆ. ಶೇಪ್ 1ಕ್ಕಿಂತ ಕಡಿಮೆ ಇದ್ದರೆ ಅದು ಎಳವೆಯಲ್ಲೇ ಕೆಡುವ ಜಾತಿ ಅಂತ ಓದಿದ್ದೇನೆ. ಹಾಗಾಗಿ ಪ್ರತಿ ಫ್ಯಾನನ್ನೂ 100 ಗಂಟೆ ಓಡಿಸಿ, ಉಳಿದದ್ದನ್ನು ಮಾತ್ರ ಕಳಿಸೋಣ ಅಂದುಕೊಂಡಿದ್ದೇವೆ. ಸರಿಯಾ? ಇನ್ನೊಂದು ವಿಷಯ. ವೈದ್ಯಕೀಯ ಸಂಶೋಧನೆಯಲ್ಲಿರುವ ನನ್ನ ಗೆಳತಿ ಇದೇ ಸರ್ವ್‌ರೆಗ್ ಅನ್ನು ರೋಗಿಗಳ ಮಾಹಿತಿಗೆ ಬಳಸುತ್ತಾಳೆ. ಫ್ಯಾನಿಗೂ ರೋಗಿಗೂ ಒಂದೇ ಲೆಕ್ಕವಾ?

ಉತ್ತರ: ಮೊದಲು ಆ 100 ಗಂಟೆಯ ಯೋಜನೆಯನ್ನು ಪಕ್ಕಕ್ಕಿಡಿ. ನಿಮ್ಮ ಫ್ಯಾನುಗಳು ಎಳವೆಯಲ್ಲಿ ಕೆಡುವವಲ್ಲ. ಸವೆದು ಕೆಡುವಂಥವು. ನೀವು ಶೇಪ್ ಅಂದುಕೊಂಡ 0.44 ಶೇಪ್ ಅಲ್ಲ, ಶೇಪ್‌ನ ವಿಲೋಮ. 1ನ್ನು 0.44ರಿಂದ ಭಾಗಿಸಿ: ಸುಮಾರು 2.27. ಅದು ನಿಮ್ಮ ನಿಜವಾದ ಶೇಪ್. 1ರ ಆ ಕಡೆಗೆ ಹೋಗಬೇಕಾದ ತೀರ್ಮಾನ ಈ ಕಡೆಗೆ ಬಂದುಬಿಟ್ಟಿದೆ, ಅಷ್ಟೇ.

ಬೇಜಾರು ಮಾಡಿಕೊಳ್ಳಬೇಡಿ. ನಾನೂ ಶುರುವಿನಲ್ಲಿ ಇದೇ ತಪ್ಪು ಮಾಡಿದ್ದೇನೆ. ವರದಿ ಮೇಜಿನಿಂದ ಹೊರಟ ಮೇಲೆ ಗೊತ್ತಾಯಿತು.

ತಪ್ಪು ಎಲ್ಲಿಂದ ಬರುತ್ತದೆ ಅಂತ ಹೇಳಿಬಿಡುತ್ತೇನೆ. ವೈಬುಲ್‌ಗೆ ಎರಡು ಸಂಖ್ಯೆಗಳು ಸಾಕು. ಒಂದು ಶೇಪ್. ಇಂಜಿನಿಯರುಗಳು ಇದನ್ನು ಬೀಟಾ ಅನ್ನುತ್ತಾರೆ. ಇನ್ನೊಂದು ಸ್ಕೇಲ್, ಅಂದರೆ ಈಟಾ. ಒಂದು ವಸ್ತು ಇಂತಿಷ್ಟು ಗಂಟೆ ದಾಟಿ ಬದುಕುವ ಸಂಭವ ಬೇಕಾ? ಆ ಗಂಟೆಯನ್ನು ಈಟಾದಿಂದ ಭಾಗಿಸಿ, ಬಂದದ್ದನ್ನು ಬೀಟಾ ಘಾತಕ್ಕೆ ಏರಿಸಿ, ಅದಕ್ಕೆ ಋಣ ಚಿಹ್ನೆ ಹಾಕಿ ಎಕ್ಸ್‌ಪೊನೆನ್ಷಿಯಲ್ ತೆಗೆದುಕೊಳ್ಳಿ, ಅಂದರೆ 2.718ನ್ನು ಆ ಘಾತಕ್ಕೆ ಏರಿಸಿ. ಸೂತ್ರ ಪೂರ್ತಿ ಇಷ್ಟೇ. ಆದರೆ ಸರ್ವ್‌ರೆಗ್ ಈ ದಾರಿ ಹಿಡಿಯುವುದಿಲ್ಲ. ಅದು ಆಯಸ್ಸಿನ ಲಾಗರಿದಮ್ ಮೇಲೆ ರಿಗ್ರೆಷನ್ (ಮಾಹಿತಿಗೆ ಹೊಂದುವ ಗೆರೆ ಹುಡುಕುವ ಲೆಕ್ಕ) ಮಾಡುತ್ತದೆ. ಅಲ್ಲಿ ಸ್ಕೇಲ್ ಅಂದರೆ ಲಾಗ್ ಆಯಸ್ಸಿನ ಚದುರುವಿಕೆ, ಅಂದರೆ ಬೀಟಾದ ವಿಲೋಮ. ಇಂಟರ್‌ಸೆಪ್ಟ್ ಅಂದರೆ ಈಟಾದ ಲಾಗ್. 7.36ರ ಎಕ್ಸ್‌ಪೊನೆನ್ಷಿಯಲ್ ತೆಗೆದರೆ ಸುಮಾರು 1570 ಗಂಟೆ. ಅದೇ ಆರ್‌ನಲ್ಲಿ ವೈಬುಲ್‌ನಿಂದ ಯಾದೃಚ್ಛಿಕ ಸಂಖ್ಯೆ ತೆಗೆಯುವ ಆರ್‌ವೈಬುಲ್‌ಗೆ ಮಾತ್ರ ಶೇಪ್, ಸ್ಕೇಲ್ ಎರಡನ್ನೂ ನೇರವಾಗಿ ಕೊಡಬೇಕು. ಒಂದೇ ಮನೆಯಲ್ಲಿ ಎರಡು ಭಾಷೆ!

ಬೇರೆ ಕಡೆ ಇನ್ನೂ ತಮಾಷೆ. ಎಕ್ಸೆಲ್‌ನ ವೈಬುಲ್ ಸೂತ್ರದಲ್ಲಿ ಶೇಪ್‌ಗೆ ಆಲ್ಫಾ ಅಂತ ಹೆಸರು, ಬೀಟಾ ಅಂದರೆ ಸ್ಕೇಲ್. ಪೈಥಾನ್ ಭಾಷೆಯ ಲೆಕ್ಕದ ಸಲಕರಣೆಯಾದ ಸೈಪೈಯಲ್ಲಿ ಶೇಪ್‌ನ ಹೆಸರು ಸಿ. ಜೊತೆಗೆ ಲೊಕೇಶನ್ ಅನ್ನುವ ಮೂರನೆಯ ಸಂಖ್ಯೆಯೂ ಇದೆ. ಅದನ್ನು ಸೊನ್ನೆಗೆ ಕಟ್ಟಿಹಾಕದಿದ್ದರೆ ಅದು ಸುಮ್ನೆ ತನ್ನ ಪಾಡಿಗೆ ಓಡಾಡಿ ಉಳಿದೆರಡನ್ನೂ ಕೆಡಿಸುತ್ತದೆ. ಬಗ್ಸ್, ಜ್ಯಾಗ್ಸ್ ಅನ್ನುವ ಸಂಖ್ಯಾಶಾಸ್ತ್ರದ ತಂತ್ರಾಂಶ ಬಳಸುವವರಿಗೆ ಸ್ಕೇಲ್ ಬದಲು ಲ್ಯಾಮ್ಡಾ ಸಿಗುತ್ತದೆ. ಅದು ಈಟಾದ ಋಣ ಬೀಟಾ ಘಾತ. ಹಾಗಾಗಿ ನನ್ನದೊಂದು ಅಭ್ಯಾಸ ಇದೆ. ಯಾವ ತಂತ್ರಾಂಶವೇ ಆಗಲಿ, ಅದು ಕೊಟ್ಟ ಸಂಖ್ಯೆಗಳಿಂದ ಒಂದು ಬದುಕುಳಿಯುವ ಸಂಭವವನ್ನು ಕೈಯಲ್ಲೇ ಲೆಕ್ಕ ಹಾಕುತ್ತೇನೆ. ಆಮೇಲೆ ಕಣ್ಣೆದುರಿನ ಮಾಹಿತಿಗೆ ಹೋಲಿಸುತ್ತೇನೆ. ನಿಮ್ಮಲ್ಲಿ 1000 ಗಂಟೆಗೆ 20ರಲ್ಲಿ 14 ಉಳಿದಿವೆ, ಅಂದರೆ 70%. ಬೀಟಾ 2.27, ಈಟಾ 1570 ಹಾಕಿದರೆ 69.8% ಬರುತ್ತದೆ. ಸರಿಯಾಗಿ ಕೂತಿತು.

ಲೆಕ್ಕ ಬೇಡ ಅಂದರೆ ಬರೀ ಕಣ್ಣಲ್ಲಿ ನೋಡಿ. ಎಳವೆಯಲ್ಲಿ ಕೆಡುವ ವಸ್ತುವಾದರೆ ಮೊದಲ ಹತ್ತಿಪ್ಪತ್ತು ಗಂಟೆಯಲ್ಲೇ ಒಂದೆರಡು ಬಿದ್ದಿರಬೇಕಿತ್ತು. ನಿಮ್ಮಲ್ಲಿ ಮೊದಲನೆಯದೇ 310ಕ್ಕೆ ಹೋಯಿತು. ಆಮೇಲಿನ ಅಂತರಗಳು 170, 140, 120, 110, 110. ಕಡಿಮೆ ಆಗುತ್ತಾ ಬರುತ್ತಿವೆ, ಅಲ್ವಾ? ಇದು ವಯಸ್ಸಾಗುತ್ತಿರುವ ವಸ್ತುವಿನ ನಡಿಗೆ.

ಈಗ ಶೇಪ್ ಏನು ಹೇಳುತ್ತದೆ ನೋಡೋಣ. ಇಲ್ಲಿ ಗಮನಿಸಬೇಕಾದದ್ದು ಹಜಾರ್ಡ್. ಇಲ್ಲಿಯವರೆಗೆ ಬದುಕಿರುವ ವಸ್ತು ಇನ್ನು ಮುಂದಿನ ಗಳಿಗೆಯಲ್ಲಿ ಕೆಡುವ ಅಪಾಯ ಎಷ್ಟು ಅನ್ನುವ ಅಳತೆ ಅದು. ಬೀಟಾ 1ಕ್ಕಿಂತ ಕಡಿಮೆ ಇದ್ದರೆ ವಯಸ್ಸಾದಂತೆ ಅಪಾಯ ಇಳಿಯುತ್ತದೆ. ದುರ್ಬಲವಾದವು ಮೊದಲೇ ಹೋಗಿ ಗಟ್ಟಿಯಾದವು ಉಳಿಯುವ ಸಂದರ್ಭ ಇದು. ಸರಿಯಾಗಿ 1 ಆದರೆ ವಯಸ್ಸಿಗೂ ಅಪಾಯಕ್ಕೂ ಸಂಬಂಧ ಇಲ್ಲ. ಹಳೆಯದೂ ಹೊಸದೂ ಒಂದೇ. ಇದೇ ಎಕ್ಸ್‌ಪೊನೆನ್ಷಿಯಲ್ ವಿತರಣೆ. 1ಕ್ಕಿಂತ ಜಾಸ್ತಿ ಆದರೆ ಸವೆತ. 2ರಲ್ಲಿ ಅಪಾಯ ನೇರ ಗೆರೆಯಲ್ಲಿ ಏರುತ್ತದೆ. 3.5ರ ಆಸುಪಾಸಿನಲ್ಲಿ ಆಯಸ್ಸಿನ ಚಿತ್ರ ಗಂಟೆಯಾಕಾರದ ನಾರ್ಮಲ್‌ಗೆ ತುಂಬ ಹತ್ತಿರ ಬರುತ್ತದೆ. ನಿಮ್ಮ 2.27ರಲ್ಲಿ ಫ್ಯಾನಿನ ವಯಸ್ಸು ಇಮ್ಮಡಿಯಾದರೆ ಅಪಾಯ 2.4 ಪಟ್ಟು ಆಗುತ್ತದೆ.

ಇಂಥ ಫ್ಯಾನನ್ನು ಮಾರುವ ಮೊದಲು 100 ಗಂಟೆ ಓಡಿಸಿದರೆ ಏನಾಗುತ್ತದೆ? ಆ 100 ಗಂಟೆಯಲ್ಲಿ ಕೆಡುವವು ಸುಮಾರು 0.2%. ಸಾವಿರ ಫ್ಯಾನಿಗೆ ಎರಡು. ಹೊಸ ಫ್ಯಾನು ಕೊಂಡವರಿಗೆ ಮೊದಲ 1000 ಗಂಟೆಯಲ್ಲಿ ಅದು ಕೆಡುವ ಸಂಭವ 30%. ನೀವು 100 ಗಂಟೆ ಸವೆಸಿ ಕಳಿಸಿದರೆ ಅದೇ 36% ಆಗುತ್ತದೆ. ಎರಡು ಕೆಟ್ಟ ಫ್ಯಾನು ಹಿಡಿಯಲು ಒಳ್ಳೆಯ 998ರ ಆಯಸ್ಸು ತಿಂದಂತೆ. ವಿಲೋಮದ ತಪ್ಪು ದುಬಾರಿ ಅನ್ನುವುದು ಇದಕ್ಕೇ. ಈಟಾ ಸ್ವಲ್ಪ ಆಚೀಚೆ ಆದರೆ ಉತ್ತರ ಸ್ವಲ್ಪ ಆಚೀಚೆ ಆಗುತ್ತದೆ. ಶೇಪ್ 1ರ ಯಾವ ಕಡೆ ಇದೆ ಅನ್ನುವುದು ತಪ್ಪಿದರೆ ನೀವು ಮಾಡುವ ಕೆಲಸವೇ ತಲೆಕೆಳಗಾಗುತ್ತದೆ.

ಇನ್ನು ಸರಾಸರಿಯ ಜಗಳಕ್ಕೆ ಬರೋಣ. 660 ಖಂಡಿತ ತಪ್ಪು. ಅದು ಬೇಗ ಕೆಟ್ಟವುಗಳ ಸರಾಸರಿ. ಗಟ್ಟಿಯಾದ 14ನ್ನು ಲೆಕ್ಕದಿಂದ ಹೊರಗೆ ಹಾಕಿದಿರಿ. ಆ ಹದಿನಾಲ್ಕರ ಆಯಸ್ಸು ನಮಗೆ ಗೊತ್ತಿಲ್ಲ, ಸರಿ. ಆದರೆ 1000ಕ್ಕಿಂತ ಜಾಸ್ತಿ ಅನ್ನುವುದು ಗೊತ್ತಿದೆಯಲ್ಲ? ಅದೂ ಮಾಹಿತಿಯೇ. ಇಂಥದ್ದಕ್ಕೆ ಸೆನ್ಸಾರ್ ಆದ ಮಾಹಿತಿ ಅನ್ನುತ್ತಾರೆ. ಕೆಟ್ಟ ಫ್ಯಾನು 'ನಾನು ಸರಿಯಾಗಿ ಈ ಗಂಟೆಗೆ ಹೋದೆ' ಅನ್ನುತ್ತದೆ. ಉಳಿದದ್ದು 'ಇಲ್ಲಿಯವರೆಗಂತೂ ಇದ್ದೇನೆ' ಅನ್ನುತ್ತದೆ. ಕಂಡ ಮಾಹಿತಿಗೆ ಅತಿ ಹೆಚ್ಚು ಸಂಭವ ಕೊಡುವ ಬೀಟಾ, ಈಟಾಗಳನ್ನು ಆರಿಸುವುದಕ್ಕೆ ಗರಿಷ್ಠ ಸಂಭವನೀಯತೆಯ ವಿಧಾನ ಅನ್ನುತ್ತಾರೆ. ಅದು ಎರಡೂ ಮಾತನ್ನು ಸೇರಿಸಿಕೊಳ್ಳುತ್ತದೆ. ಸರ್ವ್‌ರೆಗ್ ಮಾಡುವುದು ಅದನ್ನೇ.

ನಿಮ್ಮ ಸಹೋದ್ಯೋಗಿ ಹದಿನಾಲ್ಕನ್ನು ಬಿಟ್ಟಿಲ್ಲ. ಅವರ ಲೆಕ್ಕ ದಡ್ಡತನದ್ದಲ್ಲ. ಬೀಟಾ ಗೊತ್ತಿದ್ದರೆ ಈಟಾ ಕಂಡುಹಿಡಿಯುವ ಸೂತ್ರ ಹೀಗಿದೆ. ಇಪ್ಪತ್ತೂ ಫ್ಯಾನುಗಳ ಗಂಟೆಗಳನ್ನು ಒಂದೊಂದಾಗಿ ಬೀಟಾ ಘಾತಕ್ಕೆ ಏರಿಸಿ ಕೂಡಿಸಿ. ಕೆಟ್ಟವುಗಳ ಸಂಖ್ಯೆಯಿಂದ, ಅಂದರೆ ಆರರಿಂದ, ಭಾಗಿಸಿ. ಬಂದದ್ದಕ್ಕೆ ಬೀಟಾ ಮೂಲ ತೆಗೆಯಿರಿ. ಇದರಲ್ಲಿ ಬೀಟಾ ಜಾಗದಲ್ಲಿ 1 ಹಾಕಿ ನೋಡಿ. 3960ಕ್ಕೆ 14,000 ಕೂಡಿಸಿ 6ರಿಂದ ಭಾಗಿಸಿದರೆ 2993. ಸಹೋದ್ಯೋಗಿಯ ಸಂಖ್ಯೆಯೇ! ಅವರು ವೈಬುಲ್ಲೇ ಮಾಡಿದ್ದಾರೆ. ಆದರೆ ಫ್ಯಾನಿಗೆ ವಯಸ್ಸೇ ಆಗುವುದಿಲ್ಲ ಅಂತ ನಂಬಿ ಮಾಡಿದ್ದಾರೆ.

ಆ ನಂಬಿಕೆಗೆ ಎಷ್ಟು ಬೆಲೆ ತೆರಬೇಕು? 1000 ಗಂಟೆಯೊಳಗೆ ಹೆಚ್ಚೇನೂ ಇಲ್ಲ. ಅವರ ಮಾದರಿಯಲ್ಲಿ 1000 ಗಂಟೆ ದಾಟುವವು 71.6%, ನನ್ನದರಲ್ಲಿ 69.8%. ಆದರೆ 3000 ಗಂಟೆಗೆ ಹೋಗಿ. ಅವರ ಪ್ರಕಾರ 37% ಫ್ಯಾನುಗಳು ಇನ್ನೂ ತಿರುಗುತ್ತಿರಬೇಕು. ವೈಬುಲ್ ಪ್ರಕಾರ 1.3%. ಅಳತೆ ಮಾಡಿದ ಜಾಗದಲ್ಲಿ ಎರಡೂ ಒಪ್ಪುತ್ತವೆ. ಅಳತೆ ಮಾಡದ ಜಾಗದಲ್ಲಿ ಒಂದಕ್ಕೊಂದು ಮುಖ ನೋಡುವುದಿಲ್ಲ.

ವೈಬುಲ್‌ನಿಂದ ಬರುವ ಸರಾಸರಿ ಸುಮಾರು 1390 ಗಂಟೆ. ಆದರೆ ನನ್ನ ಮಾತು ಕೇಳುವುದಾದರೆ ಮೇಲಿನವರಿಗೆ ಸರಾಸರಿ ಕೊಡಬೇಡಿ. ಸರಾಸರಿ ಅಂದ ತಕ್ಷಣ ಜನ ಅಷ್ಟು ಗಂಟೆ ಗ್ಯಾರಂಟಿ ಅಂತ ತಿಳಿಯುತ್ತಾರೆ. ಹಾರ್ಡ್ ಡಿಸ್ಕ್ ಮೇಲೆ 10 ಲಕ್ಷ ಗಂಟೆ ಎಂಟಿಬಿಎಫ್ (ಎರಡು ಕೆಡುವಿಕೆಗಳ ನಡುವಿನ ಸರಾಸರಿ ಕಾಲ) ಅಂತ ಬರೆದದ್ದನ್ನು ನೀವೂ ನೋಡಿರಬಹುದು. ಅದು 114 ವರ್ಷ! ಒಂದು ಡಿಸ್ಕ್ ಅಷ್ಟು ಕಾಲ ಓಡುತ್ತದೆ ಅಂತ ಅದರ ಅರ್ಥ ಅಲ್ಲ. ತುಂಬ ಡಿಸ್ಕುಗಳನ್ನು ಅವುಗಳ ಹರೆಯದಲ್ಲಿ ವರ್ಷವಿಡೀ ಓಡಿಸಿದರೆ ನೂರಕ್ಕೆ ಒಂದಕ್ಕಿಂತ ಕಡಿಮೆ ಕೆಡುತ್ತವೆ ಅಂತ ಅರ್ಥ. ಸರಾಸರಿ ಬದಲು ಬಿ10 ಕೊಡಿ. ಬೇರಿಂಗ್ ತಯಾರಿಸುವವರು ಇದನ್ನೇ ಎಲ್10 ಅನ್ನುತ್ತಾರೆ. ನೂರಕ್ಕೆ ಹತ್ತು ಕೆಡುವ ಹೊತ್ತು ಅದು. ನಿಮಗೆ ಬರುವುದು ಸುಮಾರು 583 ಗಂಟೆ. ಅರ್ಧ ಕೆಡುವ ಹೊತ್ತು 1336. ಇನ್ನು ಈಟಾ, ಅಂದರೆ 1570, ಯಾವ ಶೇಪ್ ಇದ್ದರೂ 63.2% ಕೆಟ್ಟುಹೋಗುವ ಹೊತ್ತು. ಅದನ್ನೂ ಸರಾಸರಿ ಅಂತ ತಪ್ಪು ತಿಳಿಯುವವರು ಬೇಕಾದಷ್ಟು ಜನ ಇದ್ದಾರೆ.

ಇಷ್ಟು ಹೇಳಿ ನಾನೇ ಸ್ವಲ್ಪ ತಣ್ಣೀರು ಎರಚಬೇಕು. ನಿಮ್ಮ 2.27 ನಿಂತಿರುವುದು ಆರು ಕೆಟ್ಟ ಫ್ಯಾನುಗಳ ಮೇಲೆ. ಇಪ್ಪತ್ತರ ಮೇಲೆ ಅಂದುಕೊಳ್ಳಬೇಡಿ. ಶೇಪ್ ವಿಷಯದಲ್ಲಿ ಮಾಹಿತಿ ಕೊಡುವುದು ಮುಖ್ಯವಾಗಿ ಕೆಟ್ಟವು. 95% ವಿಶ್ವಾಸದ ವ್ಯಾಪ್ತಿ ಲೆಕ್ಕ ಹಾಕಿದೆ. ಸುಮಾರು 1.06ರಿಂದ 4.9ರವರೆಗೆ ಬರುತ್ತದೆ. ಬಾಗಿಲಷ್ಟು ಅಗಲ! 0.44 ಇದರ ಹತ್ತಿರಕ್ಕೂ ಬರುವುದಿಲ್ಲ. ಹಾಗಾಗಿ ಎಳವೆಯ ಕತೆಗೆ ಜಾಗ ಇಲ್ಲ. ಆದರೆ 1 ಬಾಗಿಲ ಹೊಸ್ತಿಲಲ್ಲೇ ನಿಂತಿದೆ. ಇನ್ನೊಂದು ಬಗೆಯಲ್ಲೂ ನೋಡಿದೆ. ವೈಬುಲ್ ಮತ್ತು ಸಹೋದ್ಯೋಗಿಯದು, ಈ ಎರಡು ಮಾದರಿಗಳ ಲಾಗ್ ಲೈಕ್ಲಿಹುಡ್ (ಮಾಹಿತಿಗೆ ಮಾದರಿ ಎಷ್ಟು ಹೊಂದುತ್ತದೆ ಅನ್ನುವ ಅಳತೆ) ವ್ಯತ್ಯಾಸವನ್ನು ಇಮ್ಮಡಿ ಮಾಡಿದರೆ ಸುಮಾರು 3.4. ಶೇಪ್ 1 ಅನ್ನುವುದನ್ನು 5% ಮಟ್ಟದಲ್ಲಿ ತಳ್ಳಿಹಾಕಲು 3.84 ದಾಟಬೇಕು. ದಾಟಲಿಲ್ಲ. ಸಾಲದ್ದಕ್ಕೆ, ಪರೀಕ್ಷಿಸಿದ ವಸ್ತುಗಳು ಕಡಿಮೆ ಇದ್ದಾಗ ಗರಿಷ್ಠ ಸಂಭವನೀಯತೆ ಬೀಟಾವನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತದೆ. ಅಂದರೆ ಸವೆತ ಅನ್ನುವುದಕ್ಕೆ ನನ್ನ ಒಲವು ಇದೆ, ಕಾರಣವೂ ಇದೆ. ಆದರೆ ನಿಮ್ಮ ಸಹೋದ್ಯೋಗಿಯನ್ನು ಸೋಲಿಸಿದ್ದೇವೆ ಅಂತ ಇವತ್ತು ಹೇಳುವ ಹಾಗಿಲ್ಲ.

ಅಂಕಿಗಿಂತ ಮೊದಲು ಸ್ಕ್ರೂಡ್ರೈವರ್ ಎತ್ತಿಕೊಳ್ಳಿ ಅನ್ನುವುದು ಅದಕ್ಕೇ. ಕೆಟ್ಟ ಆರನ್ನೂ ಬಿಚ್ಚಿ ನೋಡಿದಿರಾ? ಆರರಲ್ಲೂ ಬೇರಿಂಗ್ ಒಣಗಿ ಸವೆದಿದ್ದರೆ ಸವೆತದ ಕತೆಗೆ ಬಲ ಬಂತು. ನಾಲ್ಕರಲ್ಲಿ ಬೇರಿಂಗ್, ಎರಡರಲ್ಲಿ ಬೆಸುಗೆ ಬಿಟ್ಟಿದೆ ಅನ್ನಿ. ಆಗ ಒಂದೇ ವೈಬುಲ್‌ಗೆ ಆರನ್ನೂ ತುರುಕಿದ್ದೇ ತಪ್ಪು. ಬೇರಿಂಗ್ ಲೆಕ್ಕ ಮಾಡುವಾಗ ಬೆಸುಗೆ ಬಿಟ್ಟ ಎರಡನ್ನು ಆ ಗಂಟೆಗೆ ಸೆನ್ಸಾರ್ ಆದವು ಅಂತ ಹಿಡಿಯಬೇಕು. ಅವುಗಳ ಬೇರಿಂಗ್ ಅಲ್ಲಿಯವರೆಗೆ ಚೆನ್ನಾಗಿತ್ತಲ್ಲ! ಬೆಸುಗೆಗೆ ಬೇರೆಯೇ ವೈಬುಲ್. ಎರಡು ಕಾರಣಗಳನ್ನು ಕಲಸಿದರೆ ಬರುವ ಶೇಪ್ ಇಬ್ಬರದ್ದೂ ಅಲ್ಲದ ಒಂದು ಸಂಖ್ಯೆ ಆಗಿರುತ್ತದೆ.

ಇದನ್ನು ಕಂಡುಹಿಡಿಯಲು ಹಳೆಯ ಕಾಗದದ ವಿಧಾನ ಈಗಲೂ ಚೆನ್ನ. ಬದುಕುಳಿಯುವ ಸಂಭವದ ಲಾಗ್ ತೆಗೆದು, ಚಿಹ್ನೆ ಬದಲಿಸಿ, ಮತ್ತೆ ಲಾಗ್ ತೆಗೆಯಿರಿ. ಅದನ್ನು ಲಾಗ್ ಗಂಟೆಗೆ ಎದುರಾಗಿ ಚುಕ್ಕಿ ಇಡಿ. ವೈಬುಲ್ ಆದರೆ ಚುಕ್ಕಿಗಳು ನೇರ ಗೆರೆಯಲ್ಲಿ ಕೂರುತ್ತವೆ. ಗೆರೆಯ ಇಳಿಜಾರೇ ಬೀಟಾ. ಕೆಟ್ಟ ಪ್ರಮಾಣಕ್ಕೆ, ಎಷ್ಟನೆಯದೋ ಆ ಸಂಖ್ಯೆಯಿಂದ 0.3 ಕಳೆದು, ಒಟ್ಟು ಸಂಖ್ಯೆಗೆ 0.4 ಕೂಡಿಸಿ ಭಾಗಿಸಿ. ನಿಮ್ಮ ಮೊದಲನೆಯದಕ್ಕೆ 0.7ನ್ನು 20.4ರಿಂದ ಭಾಗಿಸಿದರೆ 3.4%. ಆರನೆಯದಕ್ಕೆ 27.9%. ನಮ್ಮ ವೈಬುಲ್ 960 ಗಂಟೆಗೆ ಹೇಳುವುದೂ 27.9%. ಚುಕ್ಕಿಗಳು ಮಧ್ಯದಲ್ಲಿ ಮೊಣಕಾಲಿನ ಹಾಗೆ ಮುರಿದರೆ ಎರಡು ಕಾರಣ ಇದೆ ಅಂತ ಅನುಮಾನಪಡಿ.

ಒಂದು ಸಣ್ಣ ಹಿನ್ನೆಲೆ. ವಾಲೊಡಿ ವೈಬುಲ್ ಸ್ವೀಡನ್ನಿನ ಇಂಜಿನಿಯರ್, ಹುಟ್ಟಿದ್ದು 1887. 1939ರಲ್ಲಿ ವಸ್ತುಗಳ ಬಲದ ಬಗ್ಗೆ ಬರೆಯುವಾಗ ಇದನ್ನು ಬಳಸಿದರು. ಇದು ಎಲ್ಲೆಡೆ ಹರಡಿದ್ದು 1951ರ ಲೇಖನದಿಂದ. ಅದರಲ್ಲಿ ಏಳು ಉದಾಹರಣೆ ಕೊಟ್ಟರು: ಉಕ್ಕಿನ ಬಲ, ಹಾರುಬೂದಿಯ ಕಣಗಳ ಗಾತ್ರ, ಭಾರತದ ಹತ್ತಿಯ ಎಳೆಗಳ ಬಲ, ಕೊನೆಗೆ ಹುರುಳಿಕಾಯಿ ಬೀಜದ ಅಗಲ ಕೂಡ! ಈ ಸೂತ್ರ ಅವರಿಗಿಂತ ಮೊದಲೇ ಇತ್ತು. ರೋಸಿನ್, ರಾಮ್ಲರ್ 1933ರಲ್ಲೇ ಪುಡಿಯಾದ ಕಲ್ಲಿದ್ದಲಿನ ಕಣಗಳಿಗೆ ಬಳಸಿದ್ದರು. ಹೆಸರು ಮಾತ್ರ ವೈಬುಲ್‌ಗೆ ಸಿಕ್ಕಿತು.

ಅವರು ಹಿಡಿದ ಎಳೆ ಸರಪಳಿಯದ್ದು. ಸರಪಳಿ ತುಂಡಾಗುವುದು ಅತಿ ದುರ್ಬಲ ಕೊಂಡಿಯಲ್ಲಿ. ಒಂದೊಂದು ಕೊಂಡಿಯೂ ವೈಬುಲ್ ಆದರೆ ಇಡೀ ಸರಪಳಿಯೂ ಅದೇ ಶೇಪ್‌ನ ವೈಬುಲ್. ಈಟಾ ಮಾತ್ರ ಚಿಕ್ಕದಾಗುತ್ತದೆ. ನಿಮಗೂ ಇದು ಉಪಯೋಗಕ್ಕೆ ಬರುತ್ತದೆ. ಒಂದು ಯಂತ್ರದಲ್ಲಿ ನಿಮ್ಮ ನಾಲ್ಕು ಫ್ಯಾನುಗಳಿದ್ದು, ಯಾವುದೊಂದು ನಿಂತರೂ ಯಂತ್ರ ನಿಲ್ಲುತ್ತದೆ ಅನ್ನಿ. ಆಗ ಈಟಾವನ್ನು 4ರ ಬೀಟಾ ಮೂಲದಿಂದ ಭಾಗಿಸಿ. 1570 ಇಳಿದು ಸುಮಾರು 850 ಆಗುತ್ತದೆ.

ಗೆಳತಿಯ ವಿಷಯ. ಹೌದು, ಲೆಕ್ಕ ಒಂದೇ. ಭಾಷೆ ಬೇರೆ. 1963ರಲ್ಲಿ ಪ್ರಕಟವಾದ ಒಂದು ಪ್ರಯೋಗ ಸಂಖ್ಯಾಶಾಸ್ತ್ರ ಕಲಿಯುವವರಿಗೆಲ್ಲ ಪರಿಚಿತ. ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಹತೋಟಿಗೆ ಬಂದ 42 ರೋಗಿಗಳಲ್ಲಿ 21 ಜನರಿಗೆ 6-ಎಂಪಿ ಔಷಧ, 21 ಜನರಿಗೆ ಔಷಧವಿಲ್ಲದ ಗುಳಿಗೆ. ರೋಗ ಮರಳಲು ಎಷ್ಟು ವಾರ ಅಂತ ನೋಡಿದರು. ಔಷಧವಿಲ್ಲದ 21ರಲ್ಲೂ ರೋಗ ಮರಳಿತು. ಔಷಧ ಪಡೆದವರಲ್ಲಿ 9 ಜನರಿಗೆ ಮಾತ್ರ ಮರಳಿತು. ಉಳಿದ 12 ಜನ ನಿಮ್ಮ ತಿರುಗುತ್ತಿರುವ ಫ್ಯಾನುಗಳ ಹಾಗೆ, ಸೆನ್ಸಾರ್ ಆದವರು. ಸರ್ವ್‌ರೆಗ್ ಹಾಕಿದರೆ ಸ್ಕೇಲ್ 0.732, ಅಂದರೆ ಶೇಪ್ 1.37. ಔಷಧದ ಗುಣಾಂಕ 1.267. ಇದರ ಎಕ್ಸ್‌ಪೊನೆನ್ಷಿಯಲ್ 3.55. ಔಷಧ ಕಾಲವನ್ನು 3.55 ಪಟ್ಟು ಹಿಗ್ಗಿಸುತ್ತದೆ ಅಂತ ಓದಬಹುದು. ಅದೇ ಗುಣಾಂಕವನ್ನು ಶೇಪ್‌ನಿಂದ ಗುಣಿಸಿ ಎಕ್ಸ್‌ಪೊನೆನ್ಷಿಯಲ್ ತೆಗೆದರೆ 5.65. ಔಷಧ ಇಲ್ಲದವರ ಹಜಾರ್ಡ್ 5.65 ಪಟ್ಟು ಜಾಸ್ತಿ ಅಂತಲೂ ಓದಬಹುದು. ಕಾಲ ಹಿಗ್ಗಿತು, ಅಪಾಯ ತಗ್ಗಿತು: ಎರಡೂ ಓದು ಒಟ್ಟಿಗೆ ನಿಲ್ಲುವುದು ವೈಬುಲ್ ಕುಟುಂಬದಲ್ಲಿ ಮಾತ್ರ. ವೈದ್ಯಕೀಯದವರಿಗೆ ಇದು ಪ್ರಿಯವಾಗಲು ಇದೂ ಒಂದು ಕಾರಣ.

ಆದರೆ ದೇಹ ಫ್ಯಾನಿನಷ್ಟು ಸರಳವಲ್ಲ. ವೈಬುಲ್ ಹಜಾರ್ಡ್ ಏರಿದರೆ ಏರುತ್ತಲೇ ಇರುತ್ತದೆ, ಇಳಿದರೆ ಇಳಿಯುತ್ತಲೇ ಇರುತ್ತದೆ. ಮೊದಲು ಏರಿ ಆಮೇಲೆ ಇಳಿಯುವ ಅಪಾಯಕ್ಕೆ ಲಾಗ್-ನಾರ್ಮಲ್ ಅಥವಾ ಲಾಗ್-ಲಾಜಿಸ್ಟಿಕ್ ಅನ್ನುವ ಬೇರೆ ವಿತರಣೆ ಬೇಕು. ವಯಸ್ಕರ ಸಾವಿನ ಲೆಕ್ಕಕ್ಕೆ ಗಾಂಪರ್ಟ್ಜ್ ಅನ್ನುವ ವಿತರಣೆ ಹೆಚ್ಚು ಹೊಂದುತ್ತದೆ. ಇನ್ನೊಂದು ಎಚ್ಚರ ಇಬ್ಬರಿಗೂ ಬೇಕು. ಸೆನ್ಸಾರ್ ಆಗುವುದಕ್ಕೂ ಕೆಡುವುದಕ್ಕೂ ಸಂಬಂಧ ಇರಬಾರದು. ಕಾಯಿಲೆ ಜಾಸ್ತಿಯಾದ ರೋಗಿ ಪ್ರಯೋಗ ಬಿಟ್ಟುಹೋದರೆ, ಅಥವಾ ಸದ್ದು ಮಾಡಲು ಶುರುಮಾಡಿದ ಫ್ಯಾನನ್ನು ಯಾರೋ ಪರೀಕ್ಷೆಯಿಂದ ತೆಗೆದು 'ಇನ್ನೂ ಓಡುತ್ತಿತ್ತು' ಅಂತ ಬರೆದರೆ, ಇಡೀ ಲೆಕ್ಕ ಸುಳ್ಳಾಗುತ್ತದೆ.

ಕೊನೆಗೆ, ಆ 14 ಫ್ಯಾನುಗಳು ಇನ್ನೂ ತಿರುಗುತ್ತಿವೆ ಅಂದಿರಲ್ಲ, ಅವುಗಳ ಸ್ವಿಚ್ ಆರಿಸಬೇಡಿ. ನಿಮ್ಮಿಬ್ಬರ ವಾದ ತೀರಿಸುವವು ಅವೇ. ಇನ್ನು 500 ಗಂಟೆ ಓಡಲಿ. 1500 ಮುಟ್ಟುವ ಹೊತ್ತಿಗೆ ಈ ಹದಿನಾಲ್ಕರಲ್ಲಿ ಎರಡು ಕೆಡಬಹುದು ಅನ್ನುತ್ತದೆ ಸಹೋದ್ಯೋಗಿಯ ಲೆಕ್ಕ. ವೈಬುಲ್ ಲೆಕ್ಕ ಆರು ಅನ್ನುತ್ತದೆ. ಒಂದೊಂದು ನಿಂತಾಗಲೂ ಗಂಟೆ ಬರೆದುಕೊಳ್ಳಿ, ಬಿಚ್ಚಿ ಕಾರಣ ಬರೆದುಕೊಳ್ಳಿ, ಆಮೇಲೆ ಮತ್ತೆ ಸರ್ವ್‌ರೆಗ್ ಹಾಕಿ. ಸ್ಕೇಲ್ ಬಂದ ಕೂಡಲೇ ಅದನ್ನು ತಿರುಗಿಸಿ ಹಾಕುವುದನ್ನು ಮಾತ್ರ ಮರೆಯಬೇಡಿ.